ಎಪ್ಪತ್ತೈದು ರೂಪಾಯಿಯ ಖೋಲಿಗಳು

ಹೋದ ತಿಂಗಳು ನನ್ನ ತಂಗಿಯ ಮಗಳಿಗೆ ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕಲು ನಾನೂ ಜೊತೆಗೆ ಹೋಗಿದ್ದೆ. ಮೂರು ಮನೆ ನೋಡಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಾಲು ಸೋತಿದ್ದವು. ಮನೆಯ ಮಾಲೀಕ ಹೊಸದಾಗಿ ಸುಣ್ಣ ಹೊಡೆಸಿ ಕಿಟಕಿಗಳನ್ನೆಲ್ಲ ಮುಚ್ಚಿಟ್ಟಿದ್ದ. ಬಾಗಿಲು ತೆರೆದ ಕೂಡಲೇ ಹಸಿ ಸುಣ್ಣದ ವಾಸನೆ ಮುಖಕ್ಕೆ ಬಡಿಯಿತು. ಆತ ಹುಡುಗಿಯ ಸಂಬಳ ಕೇಳಿದ, ಅಡ್ವಾನ್ಸ್ ಎಷ್ಟೆಂದು ಹೇಳಿದ, ಕೊನೆಗೆ ನನ್ನ ಕಡೆ ತಿರುಗಿ, "ಊರಾಗ ಹೊಲ ಗಿಲ ಅದಾವೇನ್ರಿ?" ಅಂದ.

"ಅದಾವ್ರಿ. ಎಂಟು ಎಕರೆ," ಅಂದೆ ನಾನು.

ತಂಗಿಯ ಮಗಳು ನನ್ನ ಮುಖವನ್ನೇ ನೋಡಿದಳು. ನಮ್ಮ ಮನೆತನದಲ್ಲಿ ಎಂಟು ಗುಂಟೆ ಭೂಮಿಯೂ ಯಾರಿಗೂ ಇರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಮೊದಲು ನನಗೇ ನಗು ಬಂತು. ಈ ಎಂಟು ಎಕರೆಯನ್ನು ನಾನು ಇದೇ ಊರಿನಲ್ಲಿ, ಹೆಚ್ಚೂ ಕಡಿಮೆ ನಲವತ್ತು ವರ್ಷದ ಹಿಂದೆ, ಒಬ್ಬಳ ಮುಂದೆ ಹೀಗೇ ಹೇಳಿದ್ದೆ. ಅವಳ ನೆನಪಾದ ಮೇಲೆ ನಗು ನಿಂತಿತು.

ಆಗ ಇದು ಗುಲ್ಬರ್ಗ. ನಮ್ಮವರು ಅಫಜಲಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾವ ಅತನೂರಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಊರಿನ ಅಂಗಿ, ಕುಪ್ಪಸ ಹೊಲಿಯುತ್ತಿದ್ದವರು. ಹೊಲ ಇಲ್ಲದಿದ್ದರೂ ಅಲ್ಲಿ ನಮಗೆ ಹೊಲ ಇಲ್ಲ ಎಂಬುದು ಗೊತ್ತೇ ಆಗುತ್ತಿರಲಿಲ್ಲ. ಹೊಲಿಗೆಯ ಮಜೂರಿಯ ಬದಲು ಒಬ್ಬರು ತೊಗರಿ ತಂದು ಸುರಿದರೆ ಇನ್ನೊಬ್ಬರು ಒಂದು ಪುಟ್ಟಿ ಮೆಣಸಿನಕಾಯಿ ಇಟ್ಟು ಹೋಗುತ್ತಿದ್ದರು. ಮಜ್ಜಿಗೆಗೆ ದುಡ್ಡು ಕೊಡುವುದೆಂದರೆ ಏನೆಂದು ನನಗೆ ಮದುವೆಯಾಗಿ ನಾಲ್ಕು ವರ್ಷವಾದರೂ ತಿಳಿದಿರಲಿಲ್ಲ. ಅಫಜಲಪುರದಲ್ಲಿದ್ದಾಗಲೂ ವಾರಕ್ಕೊಮ್ಮೆ ಅತನೂರಿನಿಂದ ಒಂದು ಗಂಟು ಬಂದೇ ಬರುತ್ತಿತ್ತು.

ಗುಲ್ಬರ್ಗಕ್ಕೆ ವರ್ಗವಾದಾಗ ನಾನು ಕುಣಿದಾಡಿದೆ. ಊರಿನ ಹೆಂಗಸರೆಲ್ಲ, "ನೀ ಏನ್ ಬಿಡವಾ, ಸಿಟಿ ಸೇರಿದಿ," ಎಂದು ಕರುಬಿದ್ದನ್ನು ಕಂಡು ಎರಡು ದಿನ ಊಟ ಸೇರಿರಲಿಲ್ಲ, ಅಷ್ಟು ಖುಷಿ. ಜೂನ್ ತಿಂಗಳ ಮೊದಲ ವಾರ, ಇನ್ನೂ ಮಳೆ ಬೀಳದ ಆ ಸುಡು ಬಿಸಿಲಿನಲ್ಲಿ, ಬಸ್ಸಿನ ಮೇಲೆ ಟ್ರಂಕು, ಹಾಸಿಗೆ, ರೊಟ್ಟಿ ಹಂಚು ಏರಿಸಿಕೊಂಡು ಚೌಡಾಪುರ ದಾಟಿ ಬಂದೆವು. ಬಂದ ಮೂರನೇ ದಿನಕ್ಕೆ ನನ್ನ ಸಿಟಿ ಇಳಿಯಿತು. ಎರಡು ಖೋಲಿಗೆ ತಿಂಗಳಿಗೆ ನೂರಾ ಇಪ್ಪತ್ತು ರೂಪಾಯಿ ಬಾಡಿಗೆ. ಅಫಜಲಪುರದಲ್ಲಿ ಮೂವತ್ತು ಕೊಡುತ್ತಿದ್ದೆವು, ಅದರಲ್ಲಿ ಒಂದು ನುಗ್ಗೆ ಮರವೂ ಸೇರಿತ್ತು. ಇಲ್ಲಿ ಕರಿಬೇವಿಗೆ ದುಡ್ಡು, ಒಲೆಗೆ ಹಾಕುವ ಕುಳ್ಳಿಗೆ ಎಣಿಸಿ ದುಡ್ಡು, ನಳದಲ್ಲಿ ನೀರು ಬಾರದ ದಿನ ಕೊಡಕ್ಕಿಷ್ಟೆಂದು ನೀರಿಗೂ ದುಡ್ಡು. ಜೋಳವನ್ನು ಕಾಗದದ ಚೀಲದಲ್ಲಿ ಕಿಲೋ ಲೆಕ್ಕದಲ್ಲಿ ತಂದಾಗ ನನಗೆ ಅಳುವೇ ಬಂತು. ಜೋಳವನ್ನು ಔಷಧಿಯ ಹಾಗೆ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರೆಯೇ?

ನಮ್ಮ ಮನೆಯೊಡತಿಯನ್ನು ಗಲ್ಲಿಯವರೆಲ್ಲ ಖಾಲಾ ಎಂದು ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತನ್ನ ದೊಡ್ಡ ಕಲ್ಲಿನ ಮನೆಯನ್ನು ಮೂರು ಭಾಗ ಮಾಡಿ, ಒಂದರಲ್ಲಿ ಮಗಳ ಜೊತೆ ತಾನಿದ್ದು, ಉಳಿದ ನಾಲ್ಕು ಖೋಲಿಗಳನ್ನು ಎರಡೆರಡಾಗಿ ಬಾಡಿಗೆಗೆ ಕೊಟ್ಟಿದ್ದಳು. ಕೋಳಿಗಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಹಿತ್ತಲು, ನಳ, ಬಚ್ಚಲು ಎಲ್ಲರಿಗೂ ಒಂದೇ. ನಮಗೆ ಪಡುವಣ ದಿಕ್ಕಿನ ಎರಡು ಖೋಲಿ ಸಿಕ್ಕವು. ಮಧ್ಯಾಹ್ನದ ಮೇಲೆ ಆ ಗೋಡೆಗೆ ಕೈ ಹಚ್ಚಿದರೆ ಹಂಚಿಗೆ ಹಚ್ಚಿದ ಹಾಗೆ ಸುಡುತ್ತಿತ್ತು. ಅಡುಗೆ ಮನೆಗೆ ಕಿಟಕಿ ಇರಲಿಲ್ಲ.

ಮೂಡಣ ದಿಕ್ಕಿನ ಎರಡು ಖೋಲಿಗಳಲ್ಲಿ ಶಾಂತಾಬಾಯಿ ಇದ್ದಳು. ಜೇವರ್ಗಿಯವಳು, ನನಗಿಂತ ಎರಡು ಮೂರು ವರ್ಷಕ್ಕೆ ಸಣ್ಣವಳು. ಗಂಡ ಗಂಜಿನಲ್ಲಿ, ಅಂದರೆ ಕಾಳಿನ ಸಗಟು ಬಜಾರದಲ್ಲಿ, ಒಂದು ಅಂಗಡಿಯ ಗುಮಾಸ್ತ. ಅವಳ ಅಡುಗೆ ಮನೆಗೆ ಕಿಟಕಿ ಇತ್ತು. ಬೆಳಗಿನ ಬಿಸಿಲು ಒಳಗೆ ಬಂದು ಅವಳ ಹಿತ್ತಾಳೆಯ ತಂಬಿಗೆಗಳ ಮೇಲೆ ಬಿದ್ದಿರುತ್ತಿತ್ತು. ಅದನ್ನಾದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಬಂದು ಹದಿನೈದು ದಿನಕ್ಕೆ, ನಳದ ಹತ್ತಿರ ಕೊಡ ಹಿಡಿದು ನಿಂತಾಗ, ಅವಳ ಬಾಡಿಗೆ ಎಪ್ಪತ್ತೈದು ಎಂದು ಗೊತ್ತಾಯಿತು.

"ನಾವು ಬಂದು ಮೂರು ವರ್ಷ ಆತಲ್ರಿ ಅಕ್ಕಾ, ಖಾಲಾ ಹೆಚ್ಚ ಮಾಡೇ ಇಲ್ಲ," ಅಂದಳು, ಏನೂ ಆಗದವಳ ಹಾಗೆ.

ಅಂದಿನಿಂದ ನನ್ನ ಹೊಟ್ಟೆಯೊಳಗೆ ಬಿದ್ದ ಉರಿ ಇಡೀ ವರ್ಷ ಆರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಅವರು, "ಅವರ ನಸೀಬ ಅವರಿಗಿ. ನೀ ಯಾಕ ಉರಕೋತಿ ಬೇ?" ಎಂದು ರೊಟ್ಟಿ ಮುರಿದರು. ಗಂಡಸರಿಗೆ ಇದು ತಿಳಿಯುವುದಿಲ್ಲ. ಅವರು ಬೆಳಿಗ್ಗೆ ಹೋಗಿ ಸಂಜೆ ಬರುವವರು. ಸುಡುವ ಗೋಡೆಯ ಪಕ್ಕ ಹಗಲೆಲ್ಲ ಕೂತು, ಇನ್ನೊಂದು ಗೋಡೆಯಾಚೆ ತಣ್ಣಗಿರುವವಳ ಬಳೆಯ ಸಪ್ಪಳ ಕೇಳುವವಳು ನಾನು.

ಬಳೆಯ ಸಪ್ಪಳಕ್ಕಿಂತ ಹೆಚ್ಚಾಗಿ ಮೊರದ ಸಪ್ಪಳ. ದಿನಾ ಮಧ್ಯಾಹ್ನ ಅವಳು ಜೋಳ ಕೇರುತ್ತಿದ್ದಳು. ಒಂದು ತಾಸು, ಒಮ್ಮೊಮ್ಮೆ ಎರಡು ತಾಸು. ನನಗೆ ಕೇರಲು ಏನಿತ್ತು? ಎರಡು ಕಿಲೋ ಜೋಳದ ಪೊಟ್ಟಣವನ್ನು ತಟ್ಟೆಯಲ್ಲಿ ಹರವಿ ನಾಲ್ಕು ಹರಳು ಆರಿಸಿದರೆ ಮುಗಿಯಿತು. ಆಗಾಗ ಸಂಜೆ ಹೊತ್ತಿಗೆ ಅವಳ ಬಾಗಿಲಿಗೆ ತಳ್ಳುಗಾಡಿಯಲ್ಲಿ ಒಂದು ಚೀಲ ಬಂದು ಇಳಿಯುತ್ತಿತ್ತು. ಅವಳು ಇಡೀ ಗಲ್ಲಿಗೆ ಕೇಳುವ ಹಾಗೆ, "ಊರಿಂದ ಬಂತ್ರಿ, ಜ್ವಾಳ!" ಅನ್ನುತ್ತಿದ್ದಳು. ಊರಲ್ಲಿ ಹೊಲ ಇದೆ, ಭಾವ ನೋಡಿಕೊಳ್ಳುತ್ತಾರೆ ಎಂದೂ ಹೇಳಿದ್ದಳು. ಸಿಟಿಯಲ್ಲಿ ಎರಡೇ ಜಾತಿ ಎಂದು ನಾನು ಆ ವರ್ಷ ಕಂಡುಕೊಂಡೆ. ಊರಿಂದ ಕಾಳು ಬರುವವರು, ಕೊಂಡು ತಿನ್ನುವವರು. ಸಂಬಳ ಎಷ್ಟೇ ಇರಲಿ, ಮೊದಲನೆಯವರ ನಡಿಗೆಯೇ ಬೇರೆ.

ಒಂದು ದಿನ ಅವಳು, "ನಿಮ್ಮದು ಹೊಲ ಎಷ್ಟು ಅದಾವ್ರಿ ಅಕ್ಕಾ?" ಎಂದು ಕೇಳಿಯೇ ಬಿಟ್ಟಳು.

"ಎಂಟು ಎಕರೆ. ಅತನೂರಾಗ, ಊರ ಹೊರಗ. ಈ ವರ್ಷ ತೊಗರಿ ಹಾಕ್ಯಾರ," ಅಂದೆ. ತೊಗರಿ ಹಾಕಿದ್ದು ಹೇಳಿದ ಮೇಲೆ ನನಗೂ ಆ ಹೊಲ ಕಣ್ಣಿಗೆ ಕಂಡಂತಾಯಿತು.

ಮಳೆಗಾಲ ಬಂತು, ಹೋಯಿತು. ನಮ್ಮ ಖೋಲಿಯ ಮಾಳಿಗೆ ಎರಡು ಕಡೆ ಸೋರಿತು, ಅವಳದ್ದು ಸೋರಲಿಲ್ಲ. ದಸರೆಗೆ ಅವಳು ಹೊಸ ಇಳಕಲ್ ಸೀರೆ ಉಟ್ಟಳು. ಅದು ಅವಳ ತವರಿನವರು ಕೊಟ್ಟದ್ದು ಎಂದು ತಿಳಿದಿದ್ದರೂ, ಬಾಡಿಗೆಯಲ್ಲಿ ಉಳಿದ ದುಡ್ಡಿನದೇ ಎಂದು ನಾನು ಮನಸ್ಸಿನಲ್ಲೇ ಕೂಡಿಸಿ ಕಳೆದು ತೀರ್ಮಾನಿಸಿದೆ. ಅವಳಾದರೋ ನನಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ನಳ ಬಂದರೆ ಮೊದಲು ನನ್ನನ್ನೇ ಕೂಗುತ್ತಿದ್ದಳು. ನನಗೆ ಜ್ವರ ಬಂದ ನಾಲ್ಕು ದಿನ ನಮ್ಮವರಿಗೆ ರೊಟ್ಟಿ ಬಡಿದು ಕೊಟ್ಟವಳು ಅವಳೇ. ಆ ರೊಟ್ಟಿ ತಿನ್ನುತ್ತ ನಮ್ಮವರು, "ಆಹಾ, ಊರ ಜ್ವಾಳದ ರುಚಿನೇ ಬ್ಯಾರೆ ನೋಡು," ಅಂದರು. ಜ್ವರಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ದೀಪಾವಳಿ ಮುಗಿದ ವಾರ ಖಾಲಾ ಹಿತ್ತಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಗಳಿಗೆ ಆಳಂದದಲ್ಲಿ ಸಂಬಂಧ ಕುದುರಿತ್ತು. ಆ ಕಡೆಯವರು ಅಲಮಾರಿ, ಮಂಚ ಎಂದು ಪಟ್ಟಿ ಬೆಳೆಸುತ್ತಿದ್ದರು.

"ಎಲ್ಲಿಂದ ತರ್ಲಿ ಬೇಟೀ? ನನ್ನ ಹತ್ರ ಈ ನಾಕು ಖೋಲಿ ಬಿಟ್ರ ಏನದ?" ಅಂದಳು.

ನಾನೂ ಬೆಳ್ಳುಳ್ಳಿ ಸುಲಿಯಲು ಕೂತೆ. ನನ್ನ ಬಾಯಿಂದ ಮಾತು ಎಷ್ಟು ಮೆತ್ತಗೆ ಬಂತೆಂದರೆ, ಖಾಲಾಳ ಮೇಲಿನ ಮರುಕದಿಂದಲೇ ಹೇಳುತ್ತಿದ್ದೇನೆ ಎಂದು ನಾನೇ ನಂಬಿದೆ. "ನಮ್ಮ ಕಡಿಂದ ನೂರಾ ಇಪ್ಪತ್ತು ತಗೋತೀರಿ, ನಾವೇನು ಬ್ಯಾಡ ಅಂದಿಲ್ಲ. ಆದ್ರ ಊರಿಂದ ಚೀಲಗಟ್ಟಲೆ ಜ್ವಾಳ ಬರೋ ಮಂದಿಗಿ ಎಪ್ಪತ್ತೈದೇನ್ರಿ ಖಾಲಾ?"

ಖಾಲಾ ಸುಲಿಯುವುದನ್ನು ನಿಲ್ಲಿಸಿದಳು. "ಅವರದು ಹೊಲ ಅದ? ಜ್ವಾಳ ಯಾರೋ ಬಳಗದವರು ಕಳಸ್ತಾರ ಅಂತ ತಿಳದಿದ್ದೆ. ಗರೀಬ್ ಮಂದಿ, ಇರ್ಲಿ ಬಿಡು ಅಂತ ನಾ ಸುಮ್ಮ ಇದ್ದೆ."

"ಜೇವರ್ಗಿ ಕಡೆ ಹನ್ನೆರಡು ಎಕರೆ ಅದಂತ್ರಿ."

ಹನ್ನೆರಡು ಎಂದು ಶಾಂತಾಬಾಯಿ ಎಂದೂ ಹೇಳಿರಲಿಲ್ಲ. ನನ್ನ ಎಂಟಕ್ಕಿಂತ ಅವಳದ್ದು ಹೆಚ್ಚೇ ಇರಬೇಕೆಂದು ನನ್ನ ಹೊಟ್ಟೆ ತಾನಾಗಿಯೇ ಅಳೆದು ಕೊಟ್ಟ ಲೆಕ್ಕ ಅದು. ಖಾಲಾ ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡು, "ಈಗ ಬ್ಯಾಡ. ಯುಗಾದಿಗಿ ಹೇಳ್ತೇನಿ. ನಡು ವರ್ಷದಾಗ ಹೇಳಿದ್ರ ಛಲೋ ಅಲ್ಲ," ಅಂದಳು. ನಾನು ಒಳಗೆ ಬಂದು ಆ ದಿನ ಹೊಟ್ಟೆ ತುಂಬ ಉಂಡೆ.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡಬು, ಹತ್ತಾರು ಬಗೆಯ ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಎಲ್ಲವನ್ನೂ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ, ಗಟ್ಟಿಯಾಗಿ ಕೂಗುತ್ತ ಬೆಳೆಗೆ ಚರಗ, ಅಂದರೆ ಆ ಅಡುಗೆಯ ಎಡೆ, ಚೆಲ್ಲಿ, ಅಲ್ಲೇ ಉಂಡು ಬರಬೇಕು. ಗುಲ್ಬರ್ಗದ ಬೀದಿಗಳು ಬಿಕೋ ಎನ್ನುತ್ತವೆ. ವಾರದ ಮೊದಲೇ ನಳದ ಹತ್ತಿರ ಅದೇ ಮಾತು, "ಯಾವ ಕಡೆ ಹೊಂಟೀರಿ?" ಶಾಂತಾಬಾಯಿ ಜೇವರ್ಗಿಗೆ ಎಂದಳು. ನಾನು ಅತನೂರಿಗೆ ಎಂದೆ.

ನಮ್ಮವರು ಅತನೂರಿಗೆ ಹೊರಟದ್ದು ನಿಜ. ಗೆಳೆಯರೊಬ್ಬರು ತಮ್ಮ ಹೊಲಕ್ಕೆ ಕರೆದಿದ್ದರು. ನನಗೆ ಮನಸ್ಸಾಗಲಿಲ್ಲ. ಎಂಟು ಎಕರೆ ಇದೆ ಎಂದು ಹೇಳಿಕೊಂಡವಳು ಇನ್ನೊಬ್ಬರ ಬದುವಿನ ಮೇಲೆ ಎಲೆ ಹಿಡಿದು ಕೂರುವುದೇ? "ಹೊರಗಿಂದ ಬೀಗ ಹಾಕ್ಕೊಂಡು ಹೋಗ್ರಿ, ನಾ ಒಳಗೇ ಇರ್ತೇನಿ," ಅಂದೆ. ಅವರು, "ಹುಚ್ಚಿ ಅದೀ ನೋಡು," ಎಂದು ಬೈಯುತ್ತಲೇ ಬೀಗ ಹಾಕಿಕೊಂಡು ಹೋದರು. ಪಕ್ಕದ ಬಾಗಿಲಿಗೂ ಬೀಗ ಬಿದ್ದ ಸಪ್ಪಳ ಕೇಳಿತು. ಖಾಲಾ, ಮಗಳು ಇಬ್ಬರೂ ಆಳಂದಕ್ಕೆ ಹೋಗಿದ್ದರು. ಇಡೀ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡು, ಕೆಮ್ಮು ಬಂದರೂ ಸೆರಗು ಬಾಯಿಗೆ ಒತ್ತಿಕೊಂಡು, ಸಪ್ಪಳವಿಲ್ಲದೆ ನಾಲ್ಕು ಕಡಬು ಬೇಯಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನೀರು ಬೇಕಾಯಿತು. ಹಿತ್ತಲ ಬಾಗಿಲನ್ನು ಕಳ್ಳಿಯ ಹಾಗೆ ಮೆಲ್ಲಗೆ ತೆರೆದು ಹೊರಗೆ ಕಾಲಿಟ್ಟರೆ, ನಳದ ಮುಂದೆ ಶಾಂತಾಬಾಯಿ. ಸಪ್ಪಳವಾಗದಿರಲೆಂದು ನಳದ ಬಾಯಿಗೆ ಅರಿವೆ ಸುತ್ತಿ ತಂಬಿಗೆ ಹಿಡಿದಿದ್ದಳು.

ಇಬ್ಬರ ಜೀವವೂ ಬಾಯಿಗೆ ಬಂತು. ಮೊದಲು ಅವಳಿಗೆ ನಗು ಒಡೆಯಿತು. ಆಮೇಲೆ ನನಗೆ. ಕಣ್ಣಲ್ಲಿ ನೀರು ಬರುವ ತನಕ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

"ನಿಮ್ಮ ಎಂಟು ಎಕರೆ?" ಅಂದಳು.

"ಒಂದು ಗೇಣೂ ಇಲ್ಲ ಬೇ. ನಮ್ಮ ಮಾವ ಬಟ್ಟಿ ಹೊಲಿಯಾವ. ನಿಮ್ಮದು?"

"ಹೊಲ ಎಲ್ಲ ಭಾವನ ಕಡೆ ಅದ. ಪಾಲು ಕೇಳಿದ್ದಕ್ಕ ನಮ್ಮ ಸಂಗಾಟ ಮಾತು ಬಿಟ್ಟಾರ. ಜ್ವಾಳ ಗಂಜಿಂದ ಬರೋದು ಅಕ್ಕಾ. ಚೀಲ ಏರಸೂ ಮುಂದ ನೆಲಕ್ಕ ಬೀಳ್ತದಲ್ಲ, ಅದನ್ನ ಕಸಬರಿಗಿಲೆ ಬಳದು ಇಡ್ತಾರ. ಅಂಗಡಿ ಸಾವಕಾರ ನಾಕಾಣೆ ಕಿಮ್ಮತ್ತಿಗಿ ಕೊಡ್ತಾನ. ಅರ್ಧ ಜ್ವಾಳ, ಅರ್ಧ ಮಣ್ಣು." ಅವಳು ತನ್ನ ಅಂಗೈ ಚಾಚಿ ತೋರಿಸಿದಳು. ಬೆರಳ ತುದಿಗಳು ಒಡೆದಿದ್ದವು. "ಎಷ್ಟು ಕೇರಿದ್ರೂ ಹಲ್ಲಿಗಿ ಹರಳು ಸಿಗ್ತಾವ."

ನಾನು ಕಡಬು ತಂದೆ, ಅವಳು ಭಜ್ಜಿ ತಂದಳು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಖಾಲಾ ಹಚ್ಚಿದ್ದ ಒಂದು ಬದನೆ ಗಿಡ ಇತ್ತು. ಅದರ ಸುತ್ತ ಚರಗ ಚೆಲ್ಲಿದೆವು. ಹೊಲದಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾದದ್ದನ್ನು, ಗೋಡೆಯಾಚೆ ಯಾರಿಗಾದರೂ ಕೇಳೀತೆಂದು ಪಿಸುಗುಟ್ಟಿದೆವು. ಕೋಳಿಗಳು ಓಡಿ ಬಂದು ಚರಗವನ್ನೆಲ್ಲ ಹೆಕ್ಕಿ ತಿಂದವು. ಅಷ್ಟು ರುಚಿಯಾದ ಎಳ್ಳ ಅಮಾವಾಸ್ಯೆಯ ಊಟ ನಾನು ಆಮೇಲೆ ಯಾರ ಹೊಲದಲ್ಲೂ ಉಂಡಿಲ್ಲ.

ಸಂಜೆ ಒಬ್ಬಳೇ ಕೂತಾಗ ಖಾಲಾಳಿಗೆ ಹೇಳಿದ ಮಾತು ನೆನಪಾಯಿತು. ನಾಳೆಯೇ ಹೋಗಿ, ನಾನು ತಪ್ಪು ತಿಳಿದಿದ್ದೆ, ಅವರಿಗೆ ಹೊಲ ಇಲ್ಲ ಎಂದು ಹೇಳಬೇಕು ಎಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ. ಆದರೆ ಬೆಳಗಾಗುವಷ್ಟರಲ್ಲಿ ನನ್ನ ಅಸೂಯೆ ಇನ್ನೊಂದು ದಾರಿ ಹುಡುಕಿಕೊಂಡಿತ್ತು. ಅವಳು ಸಿರಿವಂತೆ ಎಂದುಕೊಂಡಿದ್ದಾಗ ಒಂದು ಥರ ಉರಿ. ಅವಳೂ ನನ್ನಂತೆಯೇ ಎಂದು ತಿಳಿದ ಮೇಲೆ, ಹಾಗಾದರೆ ಅವಳಿಗೇಕೆ ಎಪ್ಪತ್ತೈದು, ನನಗೇಕೆ ನೂರಾ ಇಪ್ಪತ್ತು? ಅವಳಿಗೆ ಬಿಟ್ಟಿಯ ಹಾಗೆ ಬರುವ ಜೋಳವಾದರೂ ಇದೆ, ನನಗೆ ಅದೂ ಇಲ್ಲ. ಹೀಗೆಲ್ಲ ಯೋಚಿಸುತ್ತ ಆ ದಿನ ಕಳೆಯಿತು, ಮರುದಿನವೂ ಕಳೆಯಿತು. ಸಂಕ್ರಾಂತಿಯೂ ಆಯಿತು.

ಯುಗಾದಿಗೆ ಎಂಟು ದಿನ ಇರುವಾಗ ಶಾಂತಾಬಾಯಿ ನಮ್ಮ ಅಡುಗೆ ಮನೆಗೆ ಬಂದು ನೆಲಕ್ಕೆ ಕುಸಿದಳು. "ಖಾಲಾ ನೂರಾ ಇಪ್ಪತ್ತು ಕೊಡ್ರಿ, ಇಲ್ಲಾ ಖಾಲಿ ಮಾಡ್ರಿ ಅಂದಾಳ ಅಕ್ಕಾ. ಯಾರೋ ಹೇಳ್ಯಾರ, ನಮಗ ಹನ್ನೆರಡು ಎಕರೆ ಅದಂತ."

"ಯಾರಿರಬಹುದು?" ಅಂದೆ. ನನ್ನ ದನಿ ನಡುಗಲೂ ಇಲ್ಲ.

"ಯಾರಿಗಿ ಅನ್ಲಿ? ಊರಿಂದ ಬಂತು, ಊರಿಂದ ಬಂತು ಅಂತ ಗಲ್ಲಿ ತುಂಬ ನಾನೇ ಒದರಿಕೊಂಡು ತಿರಗೇನಿ. ಈಗ ಯಾವ ಬಾಯಿಲೆ ಇಲ್ಲ ಅನ್ಲಿ? ಕಸ ಬಳದ ಜ್ವಾಳ ತಿಂತೇವಿ ಅಂತ ಹ್ಯಾಂಗ ಹೇಳ್ಲಿ? ನನ್ನ ಗಂಡ ಹೇಳಬ್ಯಾಡ ಅಂದಾನ. ಮನಿ ಬಿಟ್ರ ಬಿಡೋಣ, ಮಾನ ಬಿಡೋದು ಬ್ಯಾಡ ಅಂತಾನ." ಅವಳು ನನ್ನ ಮೊಣಕಾಲು ಹಿಡಿದುಕೊಂಡಳು. "ನಿಮಗೊಬ್ಬರಿಗೇ ಖರೆ ಗೊತ್ತದ. ನೀವು ಒಂದ್ ಮಾತು ಖಾಲಾಗ ಹೇಳ್ರಿ ಅಕ್ಕಾ. ನಿಮ್ಮ ಮಾತು ಆಕಿ ಕೇಳ್ತಾಳ."

"ಹೇಳ್ತೇನಿ," ಅಂದೆ.

ಹೇಳಲಿಲ್ಲ. ಎರಡು ಸಲ ಖಾಲಾಳ ಬಾಗಿಲ ತನಕ ಹೋದೆ. ಮೊದಲ ಸಲ ಅವಳು ನಮಾಜಿಗೆ ಕೂತಿದ್ದಳು ಎಂದು ತಿರುಗಿ ಬಂದೆ. ಎರಡನೇ ಸಲ ಅವಳೇ ಮಾತು ತೆಗೆದಳು. "ಆ ಖೋಲಿ ಖಾಲಿ ಆದ್ರ ನೀವ್ ಬರ್ತೀರೇನು ಬೇಟೀ? ಬಾಡಿಗಿ ನಿಮ್ಮದು ಏನದ ಅದೇ ಇರ್ಲಿ. ನಿಮ್ಮ ಖೋಲಿಗಿ ಹೊಸಬರು ಬರ್ತಾರ. ನೀವು ಖರೆ ಹೇಳೋ ಮಂದಿ, ನನಗ ಅಂಥವರು ಬೇಕು."

ಬೆಳಗಿನ ಬಿಸಿಲು ಬೀಳುವ ಆ ಅಡುಗೆ ಮನೆ ನನ್ನ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ತಂಬಿಗೆಗಳನ್ನು ಎಲ್ಲಿಡುವುದು ಎಂದೂ ಅದೇ ಗಳಿಗೆಯಲ್ಲಿ ಯೋಚಿಸಿದೆ. "ಬರ್ತೇವ್ರಿ," ಅಂದೆ.

ಊರ ಹೊರಗೆ, ಗಂಜಿನಿಂದ ದೂರ, ತಗಡು ಹೊದಿಸಿದ ಒಂದೇ ಖೋಲಿ ಅವರಿಗೆ ಸಿಕ್ಕಿತು. ಯುಗಾದಿಯ ಮರುದಿನ ತಳ್ಳುಗಾಡಿ ಬಂದು ನಿಂತಿತು. ಸಾಮಾನು ಏರಿಸಿದ್ದಾಯಿತು. ಮನೆ ಬಿಟ್ಟು ಹೋಗುವ ಮುತ್ತೈದೆಗೆ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ನಾನು ಅರಿಷಿಣ ಕುಂಕುಮ ಹಚ್ಚಿ, ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟು, ಪೊಟ್ಟಣದಿಂದ ಐದು ಹಿಡಿ ಜೋಳ ತೆಗೆದು ಅವಳ ಸೆರಗಿಗೆ ಹಾಕಿದೆ. ಸ್ವಚ್ಛ ಜೋಳ. ಅವಳು ಅದನ್ನು ನೋಡಿ ಕಣ್ಣೊರೆಸಿಕೊಂಡಳು.

"ನೀವ್ ಖಾಲಾಗ ಹೇಳಿರ್ತೀರಿ, ನನಗ ಗೊತ್ತದ ಅಕ್ಕಾ. ಆಕಿ ಕೇಳ್ಲಿಲ್ಲ ಅಂದ್ರ ನೀವರ ಏನ್ ಮಾಡ್ತೀರಿ?" ಅಂದಳು. ಗಾಡಿಯ ಕಡೆ ಎರಡು ಹೆಜ್ಜೆ ಹೋದವಳು ಮತ್ತೆ ತಿರುಗಿ ನಿಂತಳು. "ಒಲಿ ಹಿಂದ ಒಂದು ಇಲಿ ಬಿಲ ಅದ. ಮುಂದ ಯಾರು ಬರ್ತಾರೋ ಏನೋ ಪಾಪ, ಅವರಿಗಿ ಹೇಳ್ರಿ, ಗಾಜಿನ ಚೂರು ತುಂಬಿ ಮೆತ್ತಲಿ. ಇಲ್ಲಂದ್ರ ಕಾಳು ಉಳಿಯಂಗಿಲ್ಲ."

"ಹೇಳ್ತೇನಿ," ಅಂದೆ. ಆ ಖೋಲಿಯ ಇನ್ನೊಂದು ಬೀಗದ ಕೈಯನ್ನು ಖಾಲಾ ಬೆಳಿಗ್ಗೆಯೇ ನನಗೆ ಕೊಟ್ಟಿದ್ದಳು. ಉಡಿ ತುಂಬಲು ಬಾಗಿದಾಗಿನಿಂದ ಅದು ನನ್ನ ಟೊಂಕಕ್ಕೆ ಒತ್ತುತ್ತಿತ್ತು.